ನೆಟ್ ಇಲ್ಲದ ಶಾಲಾ ಲ್ಯಾಬಿಗೆ ಇಂಗ್ಲಿಷ್ ನಿಘಂಟಿನ ಲೈಬ್ರರಿ ಯಾವುದು ಒಳ್ಳೆಯದು?

ಬದಿಯಡ್ಕ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಐದರಿಂದ ಏಳನೇ ಕ್ಲಾಸಿನವರಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಪೈಥಾನ್ ಸಾಧಾರಣ ಬರುತ್ತದೆ, ಸಣ್ಣಪುಟ್ಟ ಪ್ರೋಗ್ರಾಂ ಬರೆಯುವಷ್ಟು. ಲ್ಯಾಬಿನಲ್ಲಿ ಮಕ್ಕಳಿಗೆ ಒಂದು ನಿಘಂಟಿನ ಪ್ರೋಗ್ರಾಂ ಮಾಡಿ ಕೊಡಬೇಕು ಅಂತ ತುಂಬ ದಿನದ ಆಸೆ. ಪಾಠದಲ್ಲಿ ಗೊತ್ತಿಲ್ಲದ ಪದ ಬಂದರೆ ಅವರೇ ಟೈಪ್ ಮಾಡಿ ಅರ್ಥ ನೋಡಿಕೊಳ್ಳಬೇಕು.

ಯಾಕೆ ಬೇಕು ಅಂತ ಹೇಳುತ್ತೇನೆ. ನಮ್ಮ ಮಕ್ಕಳಲ್ಲಿ ಕೆಲವರ ಮನೆಮಾತು ತುಳು, ಕೆಲವರದ್ದು ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ, ಹೀಗೆ. ಓದಿ ಬರೆಯುವುದು ಮಾತ್ರ ಎಲ್ಲರೂ ಕನ್ನಡದಲ್ಲಿ. ಇಲ್ಲಿಯ ಅಂಗಡಿಯಲ್ಲಿ ನಿಘಂಟು ಕೇಳಿದರೆ ಇಂಗ್ಲಿಷ್-ಮಲಯಾಳದ್ದು ಬೇಕಾದಷ್ಟು ಉಂಟು. ಇಂಗ್ಲಿಷ್-ಕನ್ನಡ ಬೇಕಿದ್ದರೆ ಮಂಗಳೂರಿಗೆ ಹೋಗುವವರ ಹತ್ತಿರ ಹೇಳಿ ತರಿಸಬೇಕು. ತರಿಸಿದರೂ ಕ್ಲಾಸಿಗೆ ಒಂದೇ ಪ್ರತಿ, ಅದರ ಮುಂದೆ ಮಕ್ಕಳ ಸಾಲು. ಲ್ಯಾಬಿನಲ್ಲಿ ಕಂಪ್ಯೂಟರ್ ಇರುವಾಗ ಇದಕ್ಕೊಂದು ದಾರಿ ಇರಲೇಬೇಕು ಅಲ್ವಾ?

ಒಂದು ಲೈಬ್ರರಿ (ನಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಹಾಕಿ ನೋಡಿದೆ. ಮನೆಯಲ್ಲಿ ಚೆನ್ನಾಗಿ ನಡೆಯಿತು, ಲ್ಯಾಬಿಗೆ ತಂದರೆ ಒಂದು ಪದಕ್ಕೂ ಉತ್ತರ ಇಲ್ಲ. ಕೋಡ್ ಬಿಚ್ಚಿ ನೋಡಿದರೆ ಅದರೊಳಗೆ ನಿಘಂಟೇ ಇಲ್ಲ, ಪ್ರತಿ ಪದಕ್ಕೂ ನೆಟ್ಟಿಗೆ ಹೋಗಿ ಒಂದು ವೆಬ್‌ಸೈಟಿನ ಪುಟದಿಂದ ಅರ್ಥ ಎತ್ತಿಕೊಂಡು ಬರುತ್ತದೆ. ಜೂನ್-ಜುಲೈ ಮಳೆಯಲ್ಲಿ ನಮ್ಮಲ್ಲಿ ನೆಟ್ ಯಾವಾಗ ಇರುತ್ತದೆ ಯಾವಾಗ ಇಲ್ಲ ಹೇಳಲಿಕ್ಕೆ ಬರುವುದಿಲ್ಲ, ಇದ್ದರೂ ಇಡೀ ಲ್ಯಾಬ್ ಒಟ್ಟಿಗೆ ಕೂತರೆ ಏನೂ ತೆರೆಯುವುದಿಲ್ಲ.

ನನಗೆ ಬೇಕಾದ್ದು ಇಷ್ಟು. ನೆಟ್ ಇಲ್ಲದೆ ನಡೆಯಬೇಕು. ಅರ್ಥ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ತಿಳಿಯುವ ಹಾಗೆ ಇರಬೇಕು, ಕೆಳಗೆ ಕನ್ನಡ ಅರ್ಥವೂ ಬಂದರೆ ಒಳ್ಳೆಯದು. ಪೆನ್ ಡ್ರೈವಿನಲ್ಲಿ ಹಾಕಿ ಬೇರೆ ಶಾಲೆಯವರಿಗೂ ಕೊಡಬಹುದಾದ ಲೈಸೆನ್ಸ್ ಇರಬೇಕು. ಕಂಪ್ಯೂಟರುಗಳಲ್ಲಿ ಇರುವುದು ನಮ್ಮ ಕೇರಳ ಶಾಲೆಗಳ ಮಾಮೂಲಿ ಲಿನಕ್ಸ್. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

---

ಎಣ್ಮಕಜೆಯವ

ಟೀಚರ್, ಒಳ್ಳೆ ಕೆಲಸ. ಎಂತ ಮಾಡಬಹುದು ಅಂತ ನೇರ ಹೇಳಿಬಿಡುತ್ತೇನೆ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ನಿಘಂಟಿನ ಲೈಬ್ರರಿ ಅಂತ ಸಿಗುವುದರಲ್ಲಿ ಎರಡು ಜಾತಿ. ಒಂದು, ನೀವು ಹಾಕಿ ನೋಡಿದಂಥದ್ದು, ಬೇರೆಯವರ ವೆಬ್‌ಸೈಟಿನಿಂದ ಕೆರೆದು ತರುವಂಥದ್ದು. ಆ ವೆಬ್‌ಸೈಟಿನವರು ಪುಟದ ವಿನ್ಯಾಸ ಸ್ವಲ್ಪ ಬದಲಾಯಿಸಿದರೆ ಸಾಕು, ಲೈಬ್ರರಿ ಕೆಟ್ಟು ಕೂರುತ್ತದೆ. ನೆಟ್ ಎಷ್ಟೇ ಗಟ್ಟಿ ಇದ್ದರೂ ಅದನ್ನು ಶಾಲೆಗೆ ನಂಬಬಾರದು. ಇನ್ನೊಂದು, ನಿಘಂಟಿನ ದತ್ತಾಂಶವೇ ಫೈಲಾಗಿ ನಿಮ್ಮ ಡಿಸ್ಕಿನಲ್ಲಿ ಕೂತಿರುತ್ತದೆ, ಲೈಬ್ರರಿ ಅದನ್ನು ಓದಿ ಕೊಡುತ್ತದೆ ಅಷ್ಟೇ. ನಿಮಗೆ ಬೇಕಾದ್ದು ಈ ಎರಡನೆಯದು.

ಅದರಲ್ಲಿ ಎಲ್ಲರೂ ಬಳಸುವುದು ವರ್ಡ್‌ನೆಟ್. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಶುರು ಮಾಡಿದ್ದು. 3.0 ಆವೃತ್ತಿಯಲ್ಲಿ 1,55,287 ಪದ ಮತ್ತು ಪದಗುಚ್ಛಗಳಿವೆ. ಒಂದೇ ಅರ್ಥದ ಪದಗಳನ್ನೆಲ್ಲ ಒಂದು ಗುಂಪು ಮಾಡಿ ಇಡುತ್ತಾರೆ, ಅದಕ್ಕೆ ಸಿನ್‌ಸೆಟ್ ಅಂತ ಹೆಸರು, ಅಂಥವು 1,17,659. ಪ್ರತಿ ಗುಂಪಿಗೂ ಒಂದು ವಿವರಣೆ, ಕೆಲವಕ್ಕೆ ಉದಾಹರಣೆ ವಾಕ್ಯ. ಸಮಾನಾರ್ಥಕ, ವಿರುದ್ಧಾರ್ಥಕ, ಇದು ಯಾವ ದೊಡ್ಡ ಜಾತಿಗೆ ಸೇರಿದ್ದು ಎಂಬುದೆಲ್ಲ ಅದರಲ್ಲೇ ಸಿಗುತ್ತದೆ.

ಪೈಥಾನಿನಿಂದ ಅದನ್ನು ಓದಲು ಎನ್‌ಎಲ್‌ಟಿಕೆ (NLTK) ಎಂಬ ಲೈಬ್ರರಿ ಹಾಕಿಕೊಳ್ಳಿ. ನೆಟ್ ಇರುವ ಒಂದು ಕಂಪ್ಯೂಟರಿನಲ್ಲಿ ವರ್ಡ್‌ನೆಟ್ ಡೌನ್‌ಲೋಡ್ ಮಾಡಿ, ಜಿಪ್ ಫೈಲು ಸುಮಾರು ಹತ್ತು ಎಂಬಿ ಅಷ್ಟೇ. ಆಮೇಲೆ ಎನ್‌ಎಲ್‌ಟಿಕೆ-ಡೇಟಾ (nltk_data) ಅನ್ನುವ ಇಡೀ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಿ, ಲ್ಯಾಬಿನ ಪ್ರತಿ ಕಂಪ್ಯೂಟರಿನ ಹೋಮ್ ಫೋಲ್ಡರಿಗೆ ಅದೇ ಹೆಸರಿನಲ್ಲಿ ನಕಲು ಮಾಡಿ. ಒಂದೇ ಕಂಪ್ಯೂಟರಿನಲ್ಲಿ ಬೇರೆ ಬೇರೆ ಲಾಗಿನ್ ಇದ್ದರೆ ಯುಎಸ್‌ಆರ್ ಒಳಗಿನ ಶೇರ್ ಫೋಲ್ಡರಿಗೆ (/usr/share) ಹಾಕಿ, ಎಲ್ಲರಿಗೂ ಸಿಗುತ್ತದೆ. ಒಂದು ವಿಷಯ ಗಮನದಲ್ಲಿರಲಿ, ಎನ್‌ಎಲ್‌ಟಿಕೆಯ ಕೆಲವು ಆವೃತ್ತಿಗಳು ವರ್ಡ್‌ನೆಟ್ ಜೊತೆಗೆ ಓಎಂಡಬ್ಲ್ಯೂ-1.4 ಅನ್ನುವ ಪ್ಯಾಕೇಜನ್ನೂ ಕೇಳುತ್ತವೆ. ಮನೆಯಿಂದ ಹೊರಡುವ ಮುಂಚೆ ಅದನ್ನೂ ಇಳಿಸಿಕೊಂಡಿರಿ, ಲ್ಯಾಬಿಗೆ ಬಂದ ಮೇಲೆ ಎರರ್ ಬಂದರೆ ಆ ದಿನ ಹೋಯಿತು.

ಲೈಸೆನ್ಸ್ ಬಗ್ಗೆ ತಲೆಬಿಸಿ ಬೇಡ. ವರ್ಡ್‌ನೆಟ್ಟನ್ನು ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ಬದಲಾಯಿಸಬಹುದು. ಅವರ ಹಕ್ಕುಸ್ವಾಮ್ಯದ ಒಕ್ಕಣೆಯನ್ನು ತೆಗೆಯದೆ ಜೊತೆಯಲ್ಲಿಡಬೇಕು, ಜಾಹೀರಾತಿಗೆ ವಿಶ್ವವಿದ್ಯಾಲಯದ ಹೆಸರು ಬಳಸಬಾರದು, ಅಷ್ಟೇ.

ಮಾರ್ಫಿ ಅನ್ನುವ ಒಂದು ಫಂಕ್ಷನ್ ಉಂಟು, ಅದನ್ನು ಖಂಡಿತ ಬಳಸಿ. ಮಕ್ಕಳು ಪಾಠದಲ್ಲಿ ಇದ್ದ ಹಾಗೆಯೇ ಟೈಪ್ ಮಾಡುತ್ತಾರೆ, 'ವೆಂಟ್', 'ಚಿಲ್ಡ್ರನ್' ಹೀಗೆ. ನಿಘಂಟಿನಲ್ಲಿ ಇರುವುದು ಮೂಲ ರೂಪ. ಮಾರ್ಫಿ 'ವೆಂಟ್' ಕೊಟ್ಟರೆ 'ಗೋ' ಅಂತ ಹುಡುಕಿ ಕೊಡುತ್ತದೆ.

---

ಉಪ್ಪಳ ಪೈಥಾನ್

ಮೇಲಿನವರು ಹೇಳಿದ್ದು ಸರಿ. ಆದರೆ ಟೀಚರ್, ವರ್ಡ್‌ನೆಟ್ಟನ್ನು ಹಾಗೆಯೇ ಮಕ್ಕಳ ಮುಂದೆ ಇಡಬೇಡಿ, ದಯವಿಟ್ಟು. ನಾನು ಕೆಲಸದಲ್ಲಿ ಇದನ್ನು ದಿನಾ ಬಳಸುವವನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅದು ಮಾಡಿದ್ದು ಭಾಷಾ ಸಂಶೋಧನೆಗೆ, ಆರನೇ ಕ್ಲಾಸಿಗೆ ಅಲ್ಲ. 'ವಾಟರ್' ಅಂತ ಹಾಕಿ ನೋಡಿ. ಮೊದಲ ಅರ್ಥ ಶುರುವಾಗುವುದೇ 'ಬೈನರಿ ಕಾಂಪೌಂಡ್' ಅಂತ. ಆಮೇಲೆ ಕೋಣೆಯ ಉಷ್ಣತೆಯಲ್ಲಿ ಬಣ್ಣ, ವಾಸನೆ, ರುಚಿ ಇಲ್ಲದ ದ್ರವ, ಸೊನ್ನೆ ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ನೂರರ ಮೇಲೆ ಕುದಿಯುತ್ತದೆ, ದ್ರಾವಕವಾಗಿ ಬಳಕೆ, ಹೀಗೆ ಹೋಗುತ್ತದೆ. 'ಡಾಗ್' ಹಾಕಿದರೆ 'ಜೀನಸ್ ಕ್ಯಾನಿಸ್' ಬರುತ್ತದೆ. ಗೊತ್ತಿಲ್ಲದ ಒಂದು ಪದ ನೋಡಲು ಹೋದ ಮಗುವಿಗೆ ಗೊತ್ತಿಲ್ಲದ ಇನ್ನೂ ಐದು ಪದ ಸಿಗುತ್ತದೆ.

ಇನ್ನು 'ರನ್'. ಅದಕ್ಕೆ ನಾಮಪದವಾಗಿ 16 ಅರ್ಥ, ಕ್ರಿಯಾಪದವಾಗಿ 41, ಒಟ್ಟು 57. ಸಿನ್‌ಸೆಟ್ಸ್ ಫಂಕ್ಷನ್ ಯಾವಾಗಲೂ ನಾಮಪದವನ್ನು ಮೊದಲು ಕೊಡುತ್ತದೆ. ಹಾಗಾಗಿ ಓಡು ಎಂಬ ಅರ್ಥ ಹುಡುಕುವ ಮಗುವಿಗೆ ಎಲ್ಲದಕ್ಕಿಂತ ಮೇಲೆ ಕಾಣುವುದು ಬೇಸ್‌ಬಾಲ್ ಆಟದ ರನ್. ಕ್ರಿಕೆಟ್ಟಿನದ್ದೂ ಅಲ್ಲ, ಬೇಸ್‌ಬಾಲಿನದ್ದು. ಇದಕ್ಕೆ ಒಂದು ಉಪಾಯ ಉಂಟು. ಪ್ರತಿ ಅರ್ಥದ ಜೊತೆಗೆ ಅದು ಎಷ್ಟು ಸಲ ಬಳಕೆಯಾಗಿದೆ ಎಂಬ ಎಣಿಕೆ ಇರುತ್ತದೆ, ಲೆಮ್ಮಾದ (ಅಂದರೆ ಸಿನ್‌ಸೆಟ್ಟಿನೊಳಗಿನ ಆ ಪದದ) ಕೌಂಟ್ ಅಂತ ಕೇಳಿದರೆ ಸಿಗುತ್ತದೆ. ನಾಮಪದ ಕ್ರಿಯಾಪದ ಎಲ್ಲ ಸೇರಿಸಿ ಆ ಎಣಿಕೆಯ ಮೇಲೆ ಸಾಲು ಮಾಡಿ, ಮೇಲಿನ ಎರಡು ಮೂರು ಮಾತ್ರ ತೋರಿಸಿ. ಆದರೆ ಆ ಎಣಿಕೆ ಬಂದದ್ದು ಹಳೆಯ ಅಮೆರಿಕನ್ ಬರಹಗಳಿಂದ, ತುಂಬ ಪದಗಳಿಗೆ ಅದು ಸೊನ್ನೆಯೇ ಇರುತ್ತದೆ. ಆದ್ದರಿಂದ ಕಣ್ಣು ಮುಚ್ಚಿ ನಂಬುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಹೇಳುವುದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ವರ್ಡ್‌ನೆಟ್ಟಿನಲ್ಲಿ ನಾಮಪದ, ಕ್ರಿಯಾಪದ, ವಿಶೇಷಣ, ಕ್ರಿಯಾವಿಶೇಷಣ ಈ ನಾಲ್ಕೇ ಇರುವುದು. ಸರ್ವನಾಮ ಇಲ್ಲ, ಪ್ರಿಪೊಸಿಷನ್ ಇಲ್ಲ, ಕಂಜಂಕ್ಷನ್ ಇಲ್ಲ, ಆರ್ಟಿಕಲ್ ಇಲ್ಲ. ಸುಮ್ನೆ 'ಸಿಗಲಿಲ್ಲ' ಅಂತ ಬಂದರೆ ಪರವಾಗಿಲ್ಲ, ಹಾಗೆ ಬರುವುದೂ ಇಲ್ಲ. 'ಹಿ' ಅಂತ ಟೈಪ್ ಮಾಡಿದರೆ ಹೀಲಿಯಂ ಅನಿಲ ಬರುತ್ತದೆ, ಯಾಕೆಂದರೆ ಹೀಲಿಯಂನ ಸಂಕೇತ ಅದೇ ಎರಡು ಅಕ್ಷರ. 'ಇನ್' ಅಂದರೆ ಇಂಚು, ಇಂಡಿಯಂ ಲೋಹ, ಇಂಡಿಯಾನಾ ರಾಜ್ಯ. 'ಹೂ' (who) ಅಂದರೆ ವಿಶ್ವ ಆರೋಗ್ಯ ಸಂಸ್ಥೆ. 'ಇಟ್' (it) ಅಂದರೆ ಮಾಹಿತಿ ತಂತ್ರಜ್ಞಾನ. 'ಮಿ' (me) ಅಂದರೆ ಅಮೆರಿಕದ ಮೇನ್ ರಾಜ್ಯ. 'ಆ್ಯಸ್' (as) ಅಂದರೆ ಆರ್ಸೆನಿಕ್. ಇಂಗ್ಲಿಷ್ ಕಲಿಯಲು ಶುರು ಮಾಡಿದ ಮಗು ಎಲ್ಲಕ್ಕಿಂತ ಜಾಸ್ತಿ ನೋಡುವ ಪದಗಳೇ ಇವು. ಅಲ್ಲೇ ತಪ್ಪು ಅರ್ಥ ಕಲಿತರೆ ಅದನ್ನು ಬಿಡಿಸುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನನ್ನ ಸಲಹೆ ಇಷ್ಟು. ಈ ಸಣ್ಣ ಪದಗಳನ್ನೆಲ್ಲ ನೀವೇ ಒಂದು ಪಟ್ಟಿ ಮಾಡಿ, ಕನ್ನಡ ಅರ್ಥ ಮತ್ತು ಒಂದು ವಾಕ್ಯ ಕೈಯಲ್ಲೇ ಬರೆಯಿರಿ. ಇನ್ನೂರು ಮುನ್ನೂರಕ್ಕಿಂತ ಜಾಸ್ತಿ ಆಗಲಿಕ್ಕಿಲ್ಲ. ಪ್ರೋಗ್ರಾಂ ಮೊದಲು ನಿಮ್ಮ ಪಟ್ಟಿ ನೋಡಲಿ, ಅಲ್ಲಿ ಇಲ್ಲದಿದ್ದರೆ ಮಾತ್ರ ವರ್ಡ್‌ನೆಟ್ಟಿಗೆ ಹೋಗಲಿ.

---

ಬದಿಯಡ್ಕ ಟೀಚರ್

ಇಬ್ಬರಿಗೂ ತುಂಬ ಧನ್ಯವಾದ. ಎನ್‌ಎಲ್‌ಟಿಕೆ ಹಾಕಿ ನೋಡಿದೆ, ನೆಟ್ ತೆಗೆದರೂ ನಡೆಯುತ್ತದೆ. ಆ ಹೀಲಿಯಂ ವಿಷಯ ನೋಡಿ ಗಾಬರಿಯಾಯಿತು, ಹೇಳದೇ ಇದ್ದಿದ್ದರೆ ಮಕ್ಕಳ ಕೈಗೆ ಹಾಗೆಯೇ ಹೋಗುತ್ತಿತ್ತು.

ಸಣ್ಣ ಪದಗಳನ್ನು ನಾನೇ ಬರೆಯುತ್ತೇನೆ, ಅದೇನೂ ಭಾರ ಅಲ್ಲ. ಉಳಿದ ಪದಗಳದ್ದು ಎಂತ ಮಾಡುವುದು? ಸುಲಭ ಇಂಗ್ಲಿಷಿನಲ್ಲಿ ಅರ್ಥ ಇರುವ ಬೇರೆ ದತ್ತಾಂಶ ಉಂಟಾ? ಕನ್ನಡ ಅರ್ಥ ಎಲ್ಲಿಂದ ತರುವುದು? ಮಲಯಾಳಕ್ಕೆ ಓಳಂ ಅಂತ ಒಂದು ಉಂಟು, ನಮ್ಮ ಶಾಲೆಯ ಮಲಯಾಳ ವಿಭಾಗದ ಮಾಷ್ಟ್ರು ಅದನ್ನೇ ಬಳಸುತ್ತಾರೆ, ಇಂಗ್ಲಿಷ್ ಪದ ಹಾಕಿದರೆ ಮಲಯಾಳ ಅರ್ಥ ಬರುತ್ತದೆ. ನಮಗೂ ಅಂಥದ್ದು ಇಲ್ಲವಾ?

---

ಅಕ್ಕಲಕೋಟೆ ಕನ್ನಡಿಗ

ಟೀಚರ್, ನಿಮ್ಮ ಪ್ರಶ್ನೆ ನೋಡಿ ನಮ್ಮೂರಿನ ಮಾತೇ ಅನಿಸಿತು. ನಾವು ಸೊಲ್ಲಾಪುರ ಜಿಲ್ಲೆಯವರು, ಇಲ್ಲೂ ಕನ್ನಡ ಶಾಲೆಗಳಿವೆ, ಅಂಗಡಿಯಲ್ಲಿ ಸಿಗುವುದು ಮಾತ್ರ ಇಂಗ್ಲಿಷ್-ಮರಾಠಿ ನಿಘಂಟು. ನೀವು ಏನು ಮಾಡುತ್ತೀರೋ ಅದು ನಮ್ಮ ಮಕ್ಕಳಿಗೂ ಬೇಕು ರೀ, ಅದಕ್ಕೇ ಗೊತ್ತಿದ್ದಷ್ಟೂ ಬರೆಯುತ್ತಿದ್ದೇನೆ.

ಕನ್ನಡಕ್ಕೆ ಅಲರ್ ಇದೆ. ವಿ. ಕೃಷ್ಣ ಎಂಬುವರು ದಶಕಗಟ್ಟಲೆ ಒಬ್ಬರೇ ಕೂತು ಸಂಗ್ರಹಿಸಿದ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷಕ್ಕೂ ಜಾಸ್ತಿ ಕನ್ನಡ ಪದಗಳಿವೆ, ಮುಕ್ತ ಲೈಸೆನ್ಸಿನಲ್ಲಿ ಇಡೀ ದತ್ತಾಂಶ ಕೊಟ್ಟಿದ್ದಾರೆ. ನೀವು ಹೇಳಿದ ಓಳಂ ಮತ್ತು ಅಲರ್ ಎರಡೂ ನಡೆಯುವುದು ಡಿಕ್ಟ್‌ಪ್ರೆಸ್ ಎಂಬ ಒಂದೇ ತಂತ್ರಾಂಶದ ಮೇಲೆ. ಆದರೆ ದಿಕ್ಕು ಬೇರೆ. ಓಳಂ ಇಂಗ್ಲಿಷಿನಿಂದ ಮಲಯಾಳಕ್ಕೆ ಬರುತ್ತದೆ, ಅಲರ್ ಕನ್ನಡದಿಂದ ಇಂಗ್ಲಿಷಿಗೆ ಹೋಗುತ್ತದೆ. ಅದನ್ನು ತಿರುಗಿಸಿ ಇಂಗ್ಲಿಷ್-ಕನ್ನಡ ಮಾಡಿಬಿಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ತಿರುಗಿಸಿದರೆ 'ವಾಟರ್' ಎಂಬ ಪದಕ್ಕೆ ನೀರು, ಜಲ, ಅಂಬು, ಉದಕ, ಸಲಿಲ, ತೋಯ ಎಂದು ಹಳಗನ್ನಡ ಕಾವ್ಯದ ಪದಗಳೆಲ್ಲ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ, ಯಾವುದು ದಿನಬಳಕೆಯದ್ದು ಅಂತ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅಲರ್ ಬೇಕೇ ಬೇಕು, ಆದರೆ ನೀವು ಅರ್ಥ ಬರೆಯುವಾಗ ಪಕ್ಕದಲ್ಲಿ ತೆರೆದಿಟ್ಟುಕೊಂಡು ಆರಿಸಲು. ಯಂತ್ರಕ್ಕೆ ಬಿಟ್ಟು ತಿರುಗಿಸಲು ಅಲ್ಲ.

ಐಐಟಿ ಬಾಂಬೆಯವರ ಇಂಡೋವರ್ಡ್‌ನೆಟ್ ಕೂಡ ಇದೆ, ಅದರಲ್ಲಿ ಕನ್ನಡವೂ ಸೇರಿದೆ. ಮೊದಲು ಹಿಂದಿಗೆ ಮಾಡಿ ಆಮೇಲೆ ಉಳಿದ ಭಾಷೆಗಳನ್ನು ಅದಕ್ಕೆ ಜೋಡಿಸಿದ್ದಾರೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರಬೇಕಾದರೆ ಹಿಂದಿಯನ್ನು ದಾಟಿ ಬರಬೇಕು, ಮಕ್ಕಳ ನಿಘಂಟಿಗೆ ಅಷ್ಟು ಸುತ್ತು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಸುಲಭ ಇಂಗ್ಲಿಷಿಗೆ ಸಿಂಪಲ್ ಇಂಗ್ಲಿಷ್ ವಿಕ್ಷನರಿ (ವಿಕಿಪೀಡಿಯ ಬಳಗದ ಮುಕ್ತ ನಿಘಂಟು) ನೋಡಿ. ಇಂಗ್ಲಿಷ್ ಕಲಿಯುವವರಿಗೆ ಅಂತಲೇ ಬರೆದದ್ದು, ವಿವರಣೆಯಲ್ಲೂ ಸುಲಭ ಪದಗಳನ್ನೇ ಬಳಸಬೇಕು ಅಂತ ಅವರ ನಿಯಮ. ದೊಡ್ಡ ಇಂಗ್ಲಿಷ್ ವಿಕ್ಷನರಿಗಿಂತ ಪದಗಳು ಬಹಳ ಕಡಿಮೆ, ಆದರೆ ಏಳನೇ ಕ್ಲಾಸಿನ ತನಕ ಬೇಕಾಗುವ ಪದಗಳು ಹೆಚ್ಚಿನವು ಸಿಗುತ್ತವೆ. ಇಡೀ ದತ್ತಾಂಶವನ್ನು ಒಮ್ಮೆ ಇಳಿಸಿಕೊಳ್ಳಬಹುದು. ದೊಡ್ಡ ವಿಕ್ಷನರಿಯಲ್ಲಿ ಇನ್ನೊಂದು ಲಾಭ ಇದೆ, ತುಂಬ ಇಂಗ್ಲಿಷ್ ಪದಗಳ ಕೆಳಗೆ ಬೇರೆ ಬೇರೆ ಭಾಷೆಗಳ ಅನುವಾದದ ಪಟ್ಟಿ ಇರುತ್ತದೆ, ಅದರಲ್ಲಿ ಕನ್ನಡವೂ ಅಲ್ಲಲ್ಲಿ ಇದೆ. ಕೈಕ್ಕಿ ಎಂಬ ತಾಣದಲ್ಲಿ ಅದನ್ನೆಲ್ಲ ಜೇಸನ್ ರೂಪಕ್ಕೆ, ಅಂದರೆ ಪ್ರೋಗ್ರಾಂ ಸುಲಭವಾಗಿ ಓದುವ ರೂಪಕ್ಕೆ, ತಂದು ಇಟ್ಟಿದ್ದಾರೆ, ಒಂದು ಸಾಲಿಗೆ ಒಂದು ನಮೂದು. ಫೈಲು ಜಿಬಿಗಟ್ಟಲೆ ಇರುತ್ತದೆ. ಲ್ಯಾಬಿನ ಕಂಪ್ಯೂಟರಿಗೆ ಅದನ್ನು ಒಯ್ಯಬೇಡಿ. ಮನೆಯಲ್ಲಿ ಸಾಲು ಸಾಲಾಗಿ ಓದಿಸಿ ನಿಮಗೆ ಬೇಕಾದ ಪದಗಳನ್ನು ಮಾತ್ರ ಸೋಸಿ ತೆಗೆಯಿರಿ.

ಬೇಕಾದ ಪದ ಯಾವುದು ಅಂತ ತಿಳಿಯುವುದು ಹೇಗೆ? ಪಠ್ಯಪುಸ್ತಕದಿಂದಲೇ. ನಿಮ್ಮ ಮೂರೂ ಕ್ಲಾಸಿನ ಇಂಗ್ಲಿಷ್ ಪುಸ್ತಕದ ಪಿಡಿಎಫ್ ಸಿಗುತ್ತದೆ ಅಲ್ವಾ, ಅದರ ಪಠ್ಯ ತೆಗೆದು ಪೈಥಾನಿನ ಕೌಂಟರ್‌ಗೆ ಕೊಡಿ. ಯಾವ ಪದ ಎಷ್ಟು ಸಲ ಬಂದಿದೆ ಅಂತ ಪಟ್ಟಿ ಬರುತ್ತದೆ. ಊರಿನ ಹೆಸರು, ಜನರ ಹೆಸರು ತೆಗೆದುಹಾಕಿ. ಅದರ ಜೊತೆಗೆ ಇಂಗ್ಲಿಷಿನ ಮೂಲ ಪದಗಳ ಸಿದ್ಧ ಪಟ್ಟಿಯನ್ನೂ ಸೇರಿಸಿಕೊಳ್ಳಬಹುದು. ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ಪಟ್ಟಿ ಮಾಡಿದ್ದರು, 2013ರಲ್ಲಿ ಅದರ ಹೊಸ ರೂಪ ಬಂತು. ಒಂದೂವರೆ ಲಕ್ಷ ಪದ ಇರುವ ನಿಘಂಟಿಗಿಂತ, ಮಗು ಓದುವ ಪುಸ್ತಕದ ಪ್ರತಿ ಪದಕ್ಕೂ ಸರಿಯಾದ ಅರ್ಥ ಇರುವ ಸಣ್ಣ ನಿಘಂಟು ಎಷ್ಟೋ ಮೇಲು.

---

ಕುಂಬಳೆ ರೈ

ಎಲ್ಲರೂ ಬರೆಯಿರಿ ಬರೆಯಿರಿ ಅಂತಲೇ ಹೇಳುತ್ತಿದ್ದೀರಿ. ಟೀಚರಿಗೆ ನಾಳೆ ಬೆಳಿಗ್ಗೆಯೇ ಮಕ್ಕಳಿಗೆ ಏನಾದರೂ ಕೊಡಬೇಕಿದ್ದರೆ? ಸಿದ್ಧ ಇರುವುದನ್ನೂ ಹೇಳಬೇಕು.

ಅರ್ಥಾ (Artha) ಅಂತ ಒಂದು ತಂತ್ರಾಂಶ ಉಂಟು, ಉಚಿತ, ವರ್ಡ್‌ನೆಟ್ಟಿನ ಮೇಲೆಯೇ ಮಾಡಿದ್ದು, ನೆಟ್ ಬೇಡ. ಉಬುಂಟು ಲಿನಕ್ಸಿನ ರೆಪೊಸಿಟರಿಯಲ್ಲೇ (ತಂತ್ರಾಂಶಗಳ ಭಂಡಾರ) ಸಿಗುತ್ತದೆ. ಯಾವ ಕಿಟಕಿಯಲ್ಲಿ ಓದುತ್ತಿದ್ದರೂ ಪದವನ್ನು ಆರಿಸಿ ಒಂದು ಕೀಲಿ ಒತ್ತಿದರೆ ಅರ್ಥ ಬರುತ್ತದೆ. ಮೇಲೆ ಹೇಳಿದ ಹೀಲಿಯಂ ತೊಂದರೆ ಇದರಲ್ಲೂ ಇರುತ್ತದೆ, ಹಾಗಾಗಿ ಎಂಟು ಒಂಬತ್ತನೆಯವರಿಗೆ, ಜೊತೆಯಲ್ಲಿ ನೀವು ನಿಂತು ಹೇಳಿಕೊಡುವಾಗ ಆದೀತು. ಐದನೆಯವರಿಗೆ ಬೇಡ.

ಇನ್ನೊಂದು ಗೋಲ್ಡನ್‌ಡಿಕ್ಟ್. ಇದು ಬರೀ ಕಪಾಟು, ಪುಸ್ತಕ ನೀವೇ ಇಡಬೇಕು. ಸ್ಟಾರ್‌ಡಿಕ್ಟ್ (ನಿಘಂಟು ಫೈಲುಗಳ ಒಂದು ಮಾಮೂಲಿ ರೂಪ) ರೂಪದಲ್ಲಿ ಇರುವ ಯಾವ ನಿಘಂಟನ್ನೂ ಇದಕ್ಕೆ ಸೇರಿಸಬಹುದು. ಟೀಚರ್ ಮಾಡುವ ಪಟ್ಟಿಯನ್ನು ಕೊನೆಯಲ್ಲಿ ಸ್ಟಾರ್‌ಡಿಕ್ಟ್ ಫೈಲಾಗಿಯೂ ಕೊಟ್ಟರೆ, ಪ್ರೋಗ್ರಾಂ ಬರೆಯುವ ಕೆಲಸವೇ ಅರ್ಧ ಕಡಿಮೆ. ಅದೇ ಫೈಲು ಫೋನಿನ ನಿಘಂಟು ಆಪ್‌ಗಳಲ್ಲೂ ನಡೆಯುತ್ತದೆ. ಮನೆಯಲ್ಲಿ ಅಮ್ಮನ ಫೋನು ಇರುವ ಮಕ್ಕಳು ರಾತ್ರಿ ಹೋಮ್‌ವರ್ಕ್ ಮಾಡುವಾಗ ನೋಡಬಹುದು. ಲ್ಯಾಬ್ ಪೀರಿಯಡ್ ವಾರದಲ್ಲಿ ಎಷ್ಟು ಸಿಗುತ್ತದೆ ಹೇಳಿ? ಪದದ ಅರ್ಥ ಬೇಕಾಗುವುದು ಮನೆಯಲ್ಲಿ ಓದುವಾಗ.

---

ಉಪ್ಪಳ ಪೈಥಾನ್

ರೈಗಳು ಹೇಳಿದ ಫೋನಿನ ಮಾತು ತುಂಬ ಮುಖ್ಯ. ಆದರೂ ಲ್ಯಾಬಿಗೆ ಸ್ವಂತ ಪ್ರೋಗ್ರಾಂ ಇರಲಿ ಅನ್ನುತ್ತೇನೆ, ಒಂದೇ ಕಾರಣಕ್ಕೆ. ಮಕ್ಕಳು ಸ್ಪೆಲ್ಲಿಂಗ್ ತಪ್ಪು ಹಾಕುತ್ತಾರೆ. ಕೇಳಿದ ಹಾಗೆ ಬರೆಯುತ್ತಾರೆ, 'ಬ್ಯೂಟಿಫುಲ್' ಅನ್ನು ಬಿ, ಯು, ಟಿ ಅಂತ ಶುರು ಮಾಡುತ್ತಾರೆ. ಸಿದ್ಧ ನಿಘಂಟು 'ಪದ ಇಲ್ಲ' ಅಂತ ಹೇಳಿಬಿಟ್ಟರೆ ಮಗು ಅಲ್ಲಿಗೇ ಕೈಬಿಡುತ್ತದೆ. ಪೈಥಾನಿನ ಜೊತೆಗೇ ಬರುವ ಡಿಫ್‌ಲಿಬ್‌ನಲ್ಲಿ ಹತ್ತಿರದ ಪದ ಹುಡುಕುವ ಫಂಕ್ಷನ್ ಉಂಟು. 'ನೀನು ಹೇಳಿದ್ದು ಇದಾ?' ಅಂತ ಕನ್ನಡದಲ್ಲಿ ಕೇಳಿ ಮೂರು ಪದ ತೋರಿಸಿ. ಪಟ್ಟಿ ಸಣ್ಣದಿದ್ದಷ್ಟೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೂವರೆ ಲಕ್ಷ ಪದದಲ್ಲಿ ಹುಡುಕಿದರೆ ಯಾರೂ ಕೇಳದ ಯಾವುದೋ ಗಿಡದ ಹೆಸರು ಬಂದು ಕೂರುತ್ತದೆ.

ದತ್ತಾಂಶ ಎಲ್ಲ ಎಸ್‌ಕ್ಯೂಲೈಟ್ (ಒಂದೇ ಫೈಲಿನ ಸಣ್ಣ ಡೇಟಾಬೇಸ್) ಫೈಲಿನಲ್ಲಿ ಇಡಿ, ಅದೂ ಪೈಥಾನಿನೊಳಗೇ ಇರುವುದರಿಂದ ಬೇರೆ ಏನೂ ಹಾಕಬೇಕಾಗಿಲ್ಲ. ಎರಡು ಟೇಬಲ್ ಸಾಕು. ಒಂದರಲ್ಲಿ ರೂಪ ಮತ್ತು ಮೂಲಪದ, ಅಂದರೆ 'ವೆಂಟ್' ಎದುರು 'ಗೋ'. ಇನ್ನೊಂದರಲ್ಲಿ ಮೂಲಪದ, ಸುಲಭ ಇಂಗ್ಲಿಷ್ ಅರ್ಥ, ಕನ್ನಡ ಅರ್ಥ, ಒಂದು ವಾಕ್ಯ, ಮತ್ತು ಇದು ಎಲ್ಲಿಂದ ಬಂತು ಅನ್ನುವ ಒಂದು ಕಾಲಂ. ಮಾರ್ಫಿಯನ್ನು ಮನೆಯಲ್ಲಿ ಒಮ್ಮೆ ಓಡಿಸಿ ಮೊದಲ ಟೇಬಲ್ ತುಂಬಿಸಿಬಿಟ್ಟರೆ ಲ್ಯಾಬಿನ ಕಂಪ್ಯೂಟರಿಗೆ ಎನ್‌ಎಲ್‌ಟಿಕೆಯೇ ಬೇಡ. ಮಾರ್ಫಿ ಕೊಟ್ಟದ್ದನ್ನು ಒಮ್ಮೆ ಕಣ್ಣಾಡಿಸಿ ನೋಡಿ. 'ಸಾ' (saw) ಅಂತ ಕೊಟ್ಟರೆ ಗರಗಸ ಎಂಬ ಅರ್ಥದ 'ಸಾ' ಪದವನ್ನೇ ವಾಪಸು ಕೊಡುತ್ತದೆ, ಅದು 'ಸೀ' ಪದದ ಭೂತಕಾಲವೂ ಹೌದು ಎಂಬುದು ಬಿಟ್ಟುಹೋಗುತ್ತದೆ. ಅಂಥ ಕಡೆ ಎರಡೂ ಸಾಲು ಇಡಬೇಕು.

ಉಚ್ಚಾರಣೆ ಬೇಕಾ ನಿಮಗೆ? ಸಿಎಂಯು ಉಚ್ಚಾರಣಾ ನಿಘಂಟು ಅಂತ ಒಂದು ಉಂಟು, ಒಂದು ಲಕ್ಷದ ಮೂವತ್ತು ಸಾವಿರಕ್ಕೂ ಜಾಸ್ತಿ ಪದ, ಎನ್‌ಎಲ್‌ಟಿಕೆಯಲ್ಲೇ ಸಿಗುತ್ತದೆ. ಆದರೆ ಅದು ಉತ್ತರ ಅಮೆರಿಕದ ಉಚ್ಚಾರಣೆ. ನಮ್ಮ ಮಕ್ಕಳಿಗೆ ಅದಕ್ಕಿಂತ ಈಸ್ಪೀಕ್ ಎನ್‌ಜಿ ಎಂಬ ಓದಿ ಹೇಳುವ ತಂತ್ರಾಂಶ ಒಳ್ಳೆಯದು, ಬ್ರಿಟಿಷ್ ಇಂಗ್ಲಿಷ್ ಧ್ವನಿಯೂ ಉಂಟು, ಕನ್ನಡವೂ ಉಂಟು, ನೆಟ್ ಬೇಡ. ಧ್ವನಿ ಯಂತ್ರದ್ದೇ, ಇಂಪು ಏನಿಲ್ಲ. ಆದರೆ ಪದ ಎಲ್ಲಿ ಒತ್ತಬೇಕು ಎಂಬುದು ಕಿವಿಗೆ ಬೀಳುತ್ತದೆ.

---

ಬದಿಯಡ್ಕ ಟೀಚರ್

ಎಷ್ಟು ಹೇಳಿದರೂ ಸಾಲದು, ಎಲ್ಲರಿಗೂ ಧನ್ಯವಾದ. ಏಳನೇ ಕ್ಲಾಸಿನ ಪುಸ್ತಕದಿಂದ ಪದಗಳನ್ನು ತೆಗೆಯಲು ಶುರು ಮಾಡಿದ್ದೇನೆ. ಕೌಂಟರ್ ಪಟ್ಟಿಯ ಮೇಲಿನ ಭಾಗ ಪೂರ್ತಿ ಸಣ್ಣ ಪದಗಳೇ, ನೀವು ಹೇಳಿದ ಹಾಗೆಯೇ.

ಕನ್ನಡ ಅರ್ಥ ನಾವೇ ಬರೆಯುವುದು ಅಂತ ನಿರ್ಧಾರ ಮಾಡಿದೆವು. ನಮ್ಮಲ್ಲಿಯ ಇನ್ನಿಬ್ಬರು ಟೀಚರುಗಳೂ ಸೇರಿದ್ದಾರೆ. ಮಕ್ಕಳು ಮನೆಯಲ್ಲಿ ಆಡುವ ಮಾತಿಗೆ ಹತ್ತಿರದ ಕನ್ನಡ ಪದ ಇದ್ದರೆ ಅದನ್ನೇ ಮೊದಲು ಹಾಕುತ್ತೇವೆ, ಪುಸ್ತಕದ ಪದ ಆಮೇಲೆ. ಗೇರುತೋಟದ ನಡುವೆ ಬೆಳೆದ ಮಗುವಿಗೆ ಗೋಡಂಬಿ ಅಂತ ಯಾಕೆ ಹೇಳಬೇಕು, ಗೇರುಬೀಜ ಅಂತಲೇ ಬರಲಿ.

ಈಗ ಒಂದು ಸಂಶಯ ಉಳಿದಿದೆ. ಸಿಂಪಲ್ ವಿಕ್ಷನರಿಯ ಅರ್ಥ, ವರ್ಡ್‌ನೆಟ್ಟಿನ ಅರ್ಥ, ಅಲರ್ ನೋಡಿ ಬರೆದದ್ದು, ಪಾಠದ ವಾಕ್ಯ, ಎಲ್ಲ ಒಂದೇ ಫೈಲಿನಲ್ಲಿ ಸೇರಿಸಿ ಹಂಚಿದರೆ ಲೈಸೆನ್ಸ್ ತೊಂದರೆ ಆಗುತ್ತದಾ? ಬೇರೆ ಶಾಲೆಗೆ ಕೊಟ್ಟ ಮೇಲೆ ಯಾರಾದರೂ ಪ್ರಶ್ನೆ ಮಾಡಬಾರದು.

---

ಎಣ್ಮಕಜೆಯವ

ಪಾಠದ ವಾಕ್ಯ ಹಾಕಬೇಡಿ ಟೀಚರ್. ಪುಸ್ತಕದಿಂದ ಪದ ತೆಗೆಯುವುದು ಬೇರೆ, ವಾಕ್ಯವನ್ನೇ ಎತ್ತಿ ಹಂಚುವುದು ಬೇರೆ. ಉದಾಹರಣೆ ವಾಕ್ಯ ನೀವೇ ಬರೆಯಿರಿ, ನಿಮ್ಮ ಮಕ್ಕಳಿಗೆ ಗೊತ್ತಿರುವ ವಿಷಯದ್ದು.

ವಿಕ್ಷನರಿಯ ಅರ್ಥ ಸೇರಿಸಿದರೆ ಅದರ ಲೈಸೆನ್ಸ್ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ. ಎಲ್ಲಿಂದ ತಂದದ್ದು ಅಂತ ಹೇಳಬೇಕು, ನೀವು ಹಂಚುವಾಗಲೂ ಅದೇ ಲೈಸೆನ್ಸ್ ಇಡಬೇಕು. ವರ್ಡ್‌ನೆಟ್ಟಿನದ್ದು ಜೊತೆಗೆ ಸೇರಿದರೆ ತೊಂದರೆ ಇಲ್ಲ, ಅವರ ಒಕ್ಕಣೆಯ ಫೈಲು ಇರಲಿ. ಅಲರ್‌ನದ್ದು ದತ್ತಾಂಶಕ್ಕೆ ಅಂತಲೇ ಇರುವ ಬೇರೆ ಲೈಸೆನ್ಸ್, ಓಡಿಬಿಎಲ್. ಅದರಿಂದ ಒಟ್ಟಾಗಿ ನಕಲು ಮಾಡಿ ಇದೇ ಫೈಲಿನಲ್ಲಿ ಬೆರೆಸಬೇಡಿ. ಸಂಶಯ ಬಂದಾಗ ತೆರೆದು ನೋಡಿ, ಅರ್ಥ ನಿಮ್ಮ ಮಾತಿನಲ್ಲಿ ಬರೆಯಿರಿ. ಎಲ್ಲಿಂದ ಬಂತು ಅನ್ನುವ ಕಾಲಂ ಖಾಲಿ ಬಿಡಬೇಡಿ, ಮುಂದೆ ಯಾವುದಾದರೂ ತೆಗೆಯಬೇಕಾಗಿ ಬಂದರೆ ಒಂದೇ ಸಾಲಿನ ಕಮಾಂಡಿನಲ್ಲಿ ತೆಗೆಯಬಹುದು.

ಫೋಲ್ಡರಿನಲ್ಲಿ ಓದಿ ಎಂಬ ಹೆಸರಿನ ಒಂದು ಫೈಲು ಇಟ್ಟು, ಯಾವುದು ಯಾರದ್ದು, ಯಾವ ಲೈಸೆನ್ಸ್ ಅಂತ ಕನ್ನಡದಲ್ಲೇ ಬರೆದುಬಿಡಿ. ಏಳನೇ ಕ್ಲಾಸಿನದ್ದು ಮುಗಿದ ಕೂಡಲೇ ಇಲ್ಲಿ ಹಾಕಿ, ಆರನೆಯದ್ದರ ಪದ ತೆಗೆದು ರೂಪದ ಟೇಬಲ್ ತುಂಬಿಸುವ ಕೆಲಸ ನಾನು ಮಾಡುತ್ತೇನೆ.

---

ಅಕ್ಕಲಕೋಟೆ ಕನ್ನಡಿಗ

ಐದನೆಯದ್ದು ನಮಗೆ ಬಿಡಿ ಟೀಚರ್. ನಮ್ಮ ಕಡೆಯ ಪುಸ್ತಕ ಬೇರೆ, ಆದರೂ ಅರ್ಧಕ್ಕರ್ಧ ಪದ ಒಂದೇ ಇರುತ್ತವೆ. ಇಲ್ಲಿಯ ಶಾಲೆಯ ಇಬ್ಬರು ಮಾಸ್ತರು ಬರೆದುಕೊಡಲು ಒಪ್ಪಿದ್ದಾರೆ. ಕನ್ನಡ ಅರ್ಥದ ಕಾಲಂ ಪಕ್ಕದಲ್ಲಿ ಇನ್ನೊಂದು ಖಾಲಿ ಕಾಲಂ ಇಡಿ, ನಮ್ಮೂರ ಮಾತಿನ ಪದ ಬೇರೆ ಇದ್ದರೆ ಅಲ್ಲಿ ತುಂಬುತ್ತೇವೆ.